ಕತೆಗೂ ವಯಸ್ಸುಂಟೆ?

ಈಗಿನ ಮಕ್ಕಳ ಪುಸ್ತಕಗಳ ಮೇಲೆ ‘8ರಿಂದ 10 ವರ್ಷದವರಿಗೆ’ ಎಂದು ಅಚ್ಚು ಹಾಕಿರುವುದನ್ನು ಕಂಡಾಗಲೆಲ್ಲ ನನಗೆ ಔಷಧದ ಸೀಸೆ ನೆನಪಾಗುತ್ತದೆ. ದಿನಕ್ಕೆ ಎರಡು ಚಮಚ, ಊಟದ ನಂತರ! ಇದಕ್ಕೆ ಸರಿಜೋಡಿಯಾಗಿ, ಕಾರಂತರನ್ನೋ ಕುವೆಂಪು ಅವರನ್ನೋ ಓದುವುದು ಕನ್ನಡ ಎಂ.ಎ. ಮಾಡುವವರ ಕೆಲಸ ಎಂಬ ನಂಬಿಕೆಯೂ ಇದೆ. ಮಕ್ಕಳಿಗೆ ವಿಜ್ಞಾನ ಪಾಠ ಹೇಳುತ್ತ, ಬಿಡುವಿನಲ್ಲಿ ಕೈಗೆ ಸಿಕ್ಕಿದ ಕತೆ-ಕಾದಂಬರಿ ಓದುತ್ತ ಬಂದ ನನಗೆ ಇವೆರಡೂ ಒಪ್ಪಿಗೆಯಾಗಿಲ್ಲ.

‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ತೆಗೆದುಕೊಳ್ಳಿ. (ಇದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲ ಎಂದು ಬೆಂಗಳೂರಿನ ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು.) ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್, ಕಾಯಿಲೆಯಿಂದ ಮಲಗಿದ್ದ ಪರಿಚಿತರ ಮಗನೊಬ್ಬನನ್ನು ರಂಜಿಸಲು ಒಂದು ಪದ್ಯ ಬರೆದ. ಅದು 1842ರಲ್ಲಿ ಪ್ರಕಟವಾಯಿತು. ಜರ್ಮನಿಯ ವೇಸರ್ ನದಿಯ ದಡದಲ್ಲಿದ್ದ ಆ ಕತೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನಮ್ಮದೇ ಮಾಡಿದರು. ಹುಡುಗನಾಗಿದ್ದಾಗ ನನಗೆ ಅದರಲ್ಲಿ ಕಂಡದ್ದೆಲ್ಲ ಇಲಿಗಳು, ಬರೀ ಇಲಿಗಳು. ಈಗ ಓದಿದರೆ ಇಲಿಗಳು ಹಿಂದಕ್ಕೆ ಸರಿದು, ಕೆಲಸ ಆಗುವ ತನಕ ಒಂದು ಮಾತು, ಆದ ಮೇಲೆ ಇನ್ನೊಂದು ಮಾತು ಆಡುವ ಗೌಡ ಎದುರಿಗೆ ನಿಲ್ಲುತ್ತಾನೆ. ದೊಡ್ಡವರು ಮಾತಿಗೆ ತಪ್ಪಿದ್ದಕ್ಕೆ ಊರು ಮಕ್ಕಳನ್ನು ಕಳೆದುಕೊಳ್ಳುತ್ತದೆ. ಇದನ್ನು ಎಷ್ಟು ವರ್ಷದವರಿಗೆಂದು ಅಚ್ಚು ಹಾಕುವುದು?

‘ಚಂದಮಾಮ’ದ ಬೇತಾಳನೂ ಹಾಗೆಯೇ. ಕನ್ನಡದಲ್ಲಿ 1949ರಲ್ಲಿ ಆರಂಭವಾದ ಆ ಮಾಸಪತ್ರಿಕೆ ಈಗ ನಿಂತುಹೋಗಿದೆ. ಛಲ ಬಿಡದ ತ್ರಿವಿಕ್ರಮ ಉತ್ತರ ಹೇಳುವ ಮೊದಲೇ ಪುಟದ ಕೆಳಭಾಗವನ್ನು ಅಂಗೈಯಿಂದ ಮುಚ್ಚಿಕೊಂಡು, ನಮ್ಮ ಉತ್ತರವೇನೆಂದು ಅಣ್ಣತಮ್ಮಂದಿರು ಜಗಳವಾಡುತ್ತಿದ್ದೆವು. ನನ್ನ ಮಟ್ಟಿಗೆ ತರ್ಕದ ಮೊದಲ ಪಾಠ ಅಲ್ಲೇ ಆದದ್ದು.

ಆದರೆ ವಯಸ್ಸಿನ ಜೊತೆ ಪುಸ್ತಕ ಬೇರೆಯಾಗುವುದನ್ನು ಸರಿಯಾಗಿ ತೋರಿಸಿಕೊಟ್ಟದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943). ಕಾಲೇಜಿನ ದಿನಗಳಲ್ಲಿ ನಾನದನ್ನು ಕಾಡಿನ ಕಾದಂಬರಿಯೆಂದು ಓದಿದೆ. ಸುಬ್ರಹ್ಮಣ್ಯದ ಕಡೆಯಲ್ಲಿ ದಾರಿ ತಪ್ಪಿದ ಪ್ರಯಾಣಿಕ, ಅವನನ್ನು ಮನೆಯವನಂತೆ ನೋಡಿಕೊಳ್ಳುವ ಗೋಪಾಲಯ್ಯ ದಂಪತಿ, ಬೆಟ್ಟದ ಬುಡದಲ್ಲಿ ಕಾಡಿನೊಡನೆ ಸೆಣಸಿ ಎಬ್ಬಿಸಿದ ಅಡಕೆ ತೋಟ. ಓದಿ ಮುಗಿಸಿದಾಗ ಒಮ್ಮೆ ಕುಮಾರಪರ್ವತ ಹತ್ತಬೇಕೆನಿಸಿತ್ತು. ಮನೆ ಬಿಟ್ಟುಹೋದ ಮಗ ಶಂಭುವಿನ ಸಂಗತಿ ಆಗ ಕತೆಯ ಒಂದು ಎಳೆ ಮಾತ್ರವಾಗಿತ್ತು.

ಅದೇ ಕಾದಂಬರಿಯನ್ನು ಐವತ್ತು ದಾಟಿದ ಮೇಲೆ ಯಲಹಂಕದಲ್ಲಿ ಕುಳಿತು ಓದುವುದೇ ಬೇರೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ನಮ್ಮ ಹೆಬ್ಬಾಳ-ಯಲಹಂಕದ ರಸ್ತೆಗೆ ರಾತ್ರಿಯೆಂಬುದಿಲ್ಲ. ಅಪರಾತ್ರಿಯಲ್ಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಹೋಗುವ ಕಾರುಗಳಲ್ಲಿ ಯಾರದೋ ಮಗ, ಯಾರದೋ ಮಗಳು. ಹಿಂದಿರುಗುವಾಗ ಅದೇ ಕಾರಿನಲ್ಲಿ ವಯಸ್ಸಾದ ಇಬ್ಬರೇ. ಇವರ ಮಕ್ಕಳ ವಿಳಾಸ ಗೊತ್ತು, ಭಾನುವಾರ ಮೊಬೈಲಿನಲ್ಲಿ ಮುಖವೂ ಕಾಣುತ್ತದೆ, ಶಂಭುವಿನ ಹಾಗಲ್ಲ, ನಿಜ. ಆದರೂ ಗೋಪಾಲಯ್ಯ ಬಂದವರನ್ನು ಅಷ್ಟು ಒತ್ತಾಯಿಸಿ ಏಕೆ ಉಳಿಸಿಕೊಳ್ಳುತ್ತಾರೆ, ಅಷ್ಟೊಂದು ತಮಾಷೆ ಮಾಡುತ್ತ ಏನನ್ನು ಮುಚ್ಚಿಕೊಳ್ಳುತ್ತಾರೆ ಎಂಬುದು ಈಗ ಯಾರೂ ವಿವರಿಸದೆ ತಿಳಿಯುತ್ತದೆ.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಈ ಪುಸ್ತಕ ಕೊಟ್ಟಿದ್ದೆ. ಎರಡು ವಾರದ ಮೇಲೆ ತಂದುಕೊಟ್ಟು, “ತೋಟದ ವಿಷಯ ಚೆನ್ನಾಗಿ ಬರೆದಿದ್ದಾರೆ ಮೇಷ್ಟ್ರೇ” ಎಂದಷ್ಟೇ ಹೇಳಿದರು. ಮಗನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದೊಡ್ಡ ಕೃತಿಗಳನ್ನೆಲ್ಲ ಮಕ್ಕಳ ತಲೆಗೆ ತುಂಬಬೇಕೆಂದು ನನ್ನ ವಾದವಲ್ಲ. ‘ಮಲೆಗಳಲ್ಲಿ ಮದುಮಗಳು’ ಕೈಗೆತ್ತಿಕೊಂಡು ಐವತ್ತನೇ ಪುಟಕ್ಕೆ ನಿಲ್ಲಿಸಿದ ಪದವೀಧರರೇ ನನಗೆ ಬೇಕಾದಷ್ಟು ಜನ ಗೊತ್ತು. ಬೀರುವಿನ ಬೀಗ ತೆಗೆದಿಡಿ, ಅಷ್ಟೆ. ಮನೆಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುವ ನಾವು, ಬಡಾವಣೆಯ ಶಾಖಾ ಗ್ರಂಥಾಲಯದ ಮೆಟ್ಟಿಲನ್ನು ಮಕ್ಕಳ ಕೈಹಿಡಿದು ಹತ್ತುವುದು ಎಷ್ಟು ಸಲ?

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನನಗೆ ತರಗತಿಯಲ್ಲೇ ಕೆಲಸಕ್ಕೆ ಬಂದಿದೆ. ಅದರಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಕಟ್ಟುಕತೆಯ ಪ್ರಾಣಿಯಲ್ಲ. ಆ ಜಾತಿಯ ಓತಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಇಂದಿಗೂ ಇದೆ. ರೆಕ್ಕೆಯಂತೆ ಕಾಣುವುದು ಉದ್ದವಾಗಿ ಬೆಳೆದ ಪಕ್ಕೆಲುಬುಗಳು ಹಿಡಿದಿಟ್ಟ ಚರ್ಮ. ಹಕ್ಕಿಯ ಹಾಗೆ ಬಡಿಯುವುದಿಲ್ಲ, ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯ ವಿಜ್ಞಾನಿ ನೆಚ್ಚಿಕೊಳ್ಳುವುದು ಪದವಿ ಪಡೆದವರನ್ನಲ್ಲ, ಹಳ್ಳಿಯ ಮಂದಣ್ಣನ ಕಣ್ಣನ್ನು. ವಿಜ್ಞಾನದಲ್ಲಿ ನೋಡುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ.

ಒಂದು ವರ್ಷ ಹತ್ತನೆಯ ತರಗತಿಗೆ ಜೀವವಿಕಾಸದ ಪಾಠ ಮಾಡುವಾಗ ಈ ಕಾದಂಬರಿಯನ್ನು ಮೇಜಿನ ಮೇಲಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿ ತೆಗೆದುಕೊಂಡು ಹೋದ. ನಾಲ್ಕು ದಿನ ಬಿಟ್ಟು ಅವನ ತಂದೆ ಬಂದರು. “ಸಾರ್, ಪಬ್ಲಿಕ್ ಪರೀಕ್ಷೆ ಹತ್ರ ಬಂತು. ಇವನು ರಾತ್ರಿಯೆಲ್ಲ ಕಾದಂಬರಿ ಹಿಡ್ಕೊಂಡು ಕೂತಿರ್ತಾನೆ. ಕೇಳಿದ್ರೆ ಮೇಷ್ಟ್ರೇ ಕೊಟ್ಟಿದ್ದು ಅಂತಾನೆ.” ಹೌದು, ನಾನೇ ಕೊಟ್ಟದ್ದು ಎಂದೆ. ಯಶವಂತಪುರದ ಕಡೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ಮನುಷ್ಯ. ಮಗನ ಅಂಕಗಳ ಮೇಲೆ ಇಡೀ ಮನೆಯ ಲೆಕ್ಕಾಚಾರ ನಿಂತಿತ್ತು. ಅವರ ಆತಂಕ ಅಸಡ್ಡೆ ಮಾಡುವಂಥದ್ದಲ್ಲ. ಮುಗಿಯಲು ಇಪ್ಪತ್ತೇ ಪುಟ ಉಳಿದಿದೆಯಂತೆ, ಮುಗಿಸಲಿ ಬಿಡಿ ಎಂದೆ. ಅರೆಮನಸ್ಸಿನಿಂದ ಒಪ್ಪಿದರು.

ಮರುವಾರ ಹುಡುಗ ಬಂದು ಕೇಳಿದ: “ಸಾರ್, ಪಕ್ಕೆಲುಬು ರೆಕ್ಕೆಗೆ ಹೋದ್ರೆ ಅದು ಉಸಿರಾಡೋದು ಹೇಗೆ?” ಎಲ್ಲ ಪಕ್ಕೆಲುಬುಗಳೂ ಹೋಗುವುದಿಲ್ಲ, ಕೆಲವು ಮಾತ್ರ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಪುಸ್ತಕ ಎಲ್ಲಿ ಎಂದೆ. ತಂಗಿ ಶುರುಮಾಡಿದ್ದಾಳೆ, ಇನ್ನೊಂದು ವಾರ ಬೇಕು ಎಂದ. ಅವಳು ಆಗ ಏಳನೆಯ ತರಗತಿ.