ಒಂದೇ ಮದ್ದು, ಎರಡು ಬೆಲೆ

ನಿಮ್ಮ ಮನೆಯ ಮದ್ದಿನ ಡಬ್ಬಿಯಲ್ಲಿ ಜ್ವರದ ಮಾತ್ರೆಯ ಪಟ್ಟಿಯೊಂದು ಇದ್ದರೆ ತೆಗೆದು ನೋಡಿ. ಅದರ ಮೇಲೆ ಎರಡು ಹೆಸರುಗಳಿರುತ್ತವೆ. ಕ್ರೋಸಿನ್, ಕ್ಯಾಲ್ಪಾಲ್, ಅಥವಾ ಬೆಂಗಳೂರಿನ ಕಂಪನಿಯೊಂದರ ಡೋಲೊ ಎಂಬುದು ವ್ಯಾಪಾರದ ಹೆಸರು. ಪ್ಯಾರಾಸಿಟಮಾಲ್ ಎಂಬುದು ಮದ್ದಿನ ಹೆಸರು. ಮೊದಲನೆಯದು ಕಂಪನಿಯ ಸ್ವತ್ತು, ಎರಡನೆಯದು ಯಾರ ಸ್ವತ್ತೂ ಅಲ್ಲ. ಇಷ್ಟು ಹಳೆಯ ಮದ್ದಿನ ವಿಷಯದಲ್ಲಿ ತಕರಾರೇನೂ ಇಲ್ಲ. ಆದರೆ ಹೊಸ ಮದ್ದೊಂದು ಬಂದಾಗ ಅದನ್ನು ಯಾರು ತಯಾರಿಸಬಹುದು, ಯಾವ ಬೆಲೆಗೆ ಮಾರಬಹುದು ಎಂಬುದು ಕೋರ್ಟಿನ ಮೆಟ್ಟಿಲು ಹತ್ತುವ ಪ್ರಶ್ನೆಯಾಗುತ್ತದೆ.

ಹೊಸ ಮದ್ದನ್ನು ಕಂಡುಹಿಡಿಯುವುದು ಸುಲಭದ ಕೆಲಸವಲ್ಲ. ಪ್ರಯೋಗಾಲಯದಲ್ಲಿ ಭರವಸೆ ಹುಟ್ಟಿಸಿದ ಎಷ್ಟೋ ರಾಸಾಯನಿಕಗಳು ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲೋ, ಆಮೇಲೆ ಮನುಷ್ಯರ ಮೇಲಿನ ಪರೀಕ್ಷೆಯಲ್ಲೋ ಬಿದ್ದುಹೋಗುತ್ತವೆ. ಗೆದ್ದ ಒಂದು ಮದ್ದು ಸೋತ ಹಲವಾರರ ಖರ್ಚನ್ನೂ ಹೊರಬೇಕು. ಅದಕ್ಕಾಗಿ ಸರ್ಕಾರ ಕಂಪನಿಗೆ ಪೇಟೆಂಟ್ ಕೊಡುತ್ತದೆ. ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಆ ಮದ್ದನ್ನು ತಯಾರಿಸುವಂತಿಲ್ಲ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಅದೇ ಮದ್ದನ್ನು ತಯಾರಿಸಬಹುದು, ಅದೇ ಜೆನೆರಿಕ್. ಜೆನೆರಿಕ್ ತಯಾರಕರು ದೊಡ್ಡ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ನಡೆಸಬೇಕಾಗಿಲ್ಲ. ತಮ್ಮ ಮಾತ್ರೆ ನುಂಗಿದಾಗಲೂ ಮೂಲ ಮಾತ್ರೆ ನುಂಗಿದಾಗಿನಷ್ಟೇ ಮದ್ದು, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಂದು ತೋರಿಸಿದರೆ ಸಾಕು. ಬೆಲೆ ಇಳಿಯುವ ಗುಟ್ಟು ಇದೇ.

ನಮ್ಮ ದೇಶ ಇಲ್ಲಿ ಬೇರೆ ದಾರಿ ಹಿಡಿಯಿತು. 1970ರ ಪೇಟೆಂಟ್ ಕಾಯಿದೆ ಮದ್ದಿಗೇ ಪೇಟೆಂಟ್ ಕೊಡುವುದನ್ನು ನಿಲ್ಲಿಸಿ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ರಸಾಯನಶಾಸ್ತ್ರ ಓದುವ ನಿಮಗೆ ಗೊತ್ತು, ಒಂದೇ ವಸ್ತುವನ್ನು ತಲುಪಲು ಹಲವು ದಾರಿಗಳಿರುತ್ತವೆ. ನಮ್ಮ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು, ಅಗ್ಗದ ಮದ್ದು ಬಂತು, ಒಂದು ಉದ್ಯಮವೇ ಬೆಳೆಯಿತು. 2001ರಲ್ಲಿ ಏಡ್ಸ್ ಮದ್ದುಗಳಿಗೆ ಪಾಶ್ಚಾತ್ಯ ಕಂಪನಿಗಳು ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಕೇಳುತ್ತಿದ್ದಾಗ, ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರಿಗೆ ಕೊಡಲು ಮುಂದೆ ಬಂದರು. ಆದರೆ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ 2005ರಿಂದ ಭಾರತವೂ ಮದ್ದಿಗೇ ಪೇಟೆಂಟ್ ಕೊಡಬೇಕಾಯಿತು. ಹಾಗೆ ಕೊಡುವಾಗ ನಮ್ಮ ಸಂಸತ್ತು ಕಾಯಿದೆಯಲ್ಲಿ ಒಂದು ಬೇಲಿ ಹಾಕಿತು. ಅದು ಕಲಂ 3(ಡಿ). ಈಗಾಗಲೇ ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮ ಹೆಚ್ಚದ ಹೊರತು, ಪೇಟೆಂಟ್ ಇಲ್ಲ.

ಈ ಬೇಲಿಯ ಗಟ್ಟಿತನ ಪರೀಕ್ಷೆಯಾದದ್ದು ಗ್ಲಿವೆಕ್ ಮೊಕದ್ದಮೆಯಲ್ಲಿ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಇದರಲ್ಲಿ ವಿಜ್ಞಾನವೂ ಇದೆ, ಕಾನೂನೂ ಇದೆ.

ರಕ್ತದ ಒಂದು ಬಗೆಯ ಕ್ಯಾನ್ಸರಿನಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಳಿ ರಕ್ತಕಣಗಳು ಮಿತಿಯಿಲ್ಲದೆ ಹೆಚ್ಚುವಂತೆ ಮಾಡುವ ಕಿಣ್ವವೊಂದು ಹುಟ್ಟುತ್ತದೆ. ಆ ಕಿಣ್ವವನ್ನೇ ಗುರಿಯಿಟ್ಟು ತಡೆಯುವ ಮದ್ದು ಇಮಾಟಿನಿಬ್. ಸ್ವಿಟ್ಜರ್‌ಲೆಂಡಿನ ನೊವಾರ್ಟಿಸ್ ಕಂಪನಿಯ ಈ ಮದ್ದಿಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ನಿಜವಾಗಿಯೂ ದೊಡ್ಡ ಸಾಧನೆ, ಅದರಲ್ಲಿ ಅನುಮಾನವಿಲ್ಲ. ದಿನವೂ ಮಾತ್ರೆ ನುಂಗುತ್ತಾ ರೋಗಿಗಳು ಹಲವು ವರ್ಷ ಬದುಕುವಂತಾಯಿತು. ಆದರೆ ನಮ್ಮಲ್ಲಿ ತಿಂಗಳಿಗೆ ಅದರ ಬೆಲೆ ಸುಮಾರು 1,20,000 ರೂಪಾಯಿ. ಇಲ್ಲಿಯ ಕಂಪನಿಗಳ ಜೆನೆರಿಕ್ ಸುಮಾರು 8,000 ರೂಪಾಯಿಗೆ ಸಿಗುತ್ತಿತ್ತು.

ಮೂಲ ವಸ್ತುವಿಗೆ ವಿದೇಶಗಳಲ್ಲಿ ಪೇಟೆಂಟ್ ಅರ್ಜಿ ಬಿದ್ದದ್ದು 1993ರ ಹೊತ್ತಿಗೆ. ಆಗ ಭಾರತದಲ್ಲಿ ಮದ್ದಿಗೆ ಪೇಟೆಂಟೇ ಇರಲಿಲ್ಲ. ಹಾಗಾಗಿ ಕಂಪನಿ 1998ರಲ್ಲಿ ಚೆನ್ನೈನಲ್ಲಿ ಅರ್ಜಿ ಹಾಕಿದ್ದು ಇಮಾಟಿನಿಬ್ ಮೆಸಿಲೇಟ್ ಎಂಬ ಲವಣದ ಬೀಟಾ ಹರಳಿಗೆ. ಹರಳೆಂದರೆ ಏನು? ಇಟ್ಟಿಗೆಗಳನ್ನು ಒಂದು ರೀತಿ ಜೋಡಿಸಿದರೆ ಒಂದು ಗೋಡೆ, ಇನ್ನೊಂದು ರೀತಿ ಜೋಡಿಸಿದರೆ ಇನ್ನೊಂದು ಗೋಡೆ. ಇಟ್ಟಿಗೆ ಮಾತ್ರ ಅದೇ. ಬೀಟಾ ಹರಳು ತೇವವನ್ನು ಕಡಿಮೆ ಹೀರುತ್ತದೆ, ಹೆಚ್ಚು ಸ್ಥಿರ, ಪುಡಿಯಾಗಿ ಚೆನ್ನಾಗಿ ಹರಿಯುತ್ತದೆ, ದೇಹಕ್ಕೆ ಶೇಕಡಾ 30ರಷ್ಟು ಹೆಚ್ಚು ಸೇರುತ್ತದೆ ಎಂದು ಕಂಪನಿ ವಾದಿಸಿತು. ಮುಂಬೈನ ಕ್ಯಾನ್ಸರ್ ರೋಗಿಗಳ ನೆರವಿನ ಸಂಘವೊಂದು, ಜೊತೆಗೆ ಜೆನೆರಿಕ್ ಕಂಪನಿಗಳು ಇದನ್ನು ವಿರೋಧಿಸಿದವು. 2006ರಲ್ಲಿ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೊನೆಯ ತೀರ್ಪು ಕೊಟ್ಟಿತು. ಮದ್ದಿನ ವಿಷಯದಲ್ಲಿ ಪರಿಣಾಮವೆಂದರೆ ರೋಗ ಗುಣಪಡಿಸುವ ಪರಿಣಾಮವೇ. ಸ್ಥಿರತೆ, ಹರಿವು ಇತ್ಯಾದಿ ಗುಣಗಳಿಗೆ ಅದರೊಡನೆ ಸಂಬಂಧವಿಲ್ಲ. ದೇಹಕ್ಕೆ ಹೆಚ್ಚು ಸೇರಿದ ಮಾತ್ರಕ್ಕೆ ರೋಗ ಹೆಚ್ಚು ಗುಣವಾಗುತ್ತದೆಂದು ಸಾಬೀತಾಗಿಲ್ಲ ಎಂದು ಅದು ಹೇಳಿತು. ಪೇಟೆಂಟ್ ಸಿಗಲಿಲ್ಲ.

ಕಂಪನಿಯ ಕಡೆಯ ಮಾತೂ ಕೇಳಬೇಕಲ್ಲವೇ? ತಾನು ಇಲ್ಲಿಯ ಬಹುಪಾಲು ರೋಗಿಗಳಿಗೆ ಈ ಮದ್ದನ್ನು ಉಚಿತವಾಗಿ ಕೊಡುತ್ತಿದ್ದೇನೆ ಎಂದು ಅದು ಹೇಳುತ್ತಿತ್ತು. ಅಂಥ ಯೋಜನೆ ಇದ್ದದ್ದು ನಿಜ. ಆದರೆ ದಾನ ಕೊಡುವವನು ನಾಳೆ ಕೈ ಹಿಂತೆಗೆಯಬಹುದು. ಅಂಗಡಿಯಲ್ಲಿ ಕೈಗೆಟುಕುವ ಬೆಲೆಗೆ ಸಿಗುವ ಮದ್ದಿಗೆ ಯಾರ ದಾಕ್ಷಿಣ್ಯವೂ ಬೇಕಿಲ್ಲ. ಈ ವಿಷಯದಲ್ಲಿ ನನ್ನ ಒಲವು ತೀರ್ಪಿನ ಕಡೆಗೇ.

ಪೇಟೆಂಟ್ ಇದ್ದರೂ ಕಾನೂನಿನಲ್ಲಿ ಇನ್ನೊಂದು ಕಿಟಕಿ ಇದೆ: ಕಡ್ಡಾಯ ಪರವಾನಗಿ. ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಮದ್ದಿನ ತಿಂಗಳ ಖರ್ಚು ಸುಮಾರು 2,80,000 ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಅದನ್ನು 8,880 ರೂಪಾಯಿಗೆ ಮಾರಲು ಅನುಮತಿ ದೊರೆಯಿತು. ಬೇಯರ್‌ಗೆ ಮಾರಾಟದ ಶೇಕಡಾ 6ರಷ್ಟು ಗೌರವಧನ ಕೊಡಬೇಕಾಗಿತ್ತು. ಭಾರತದಲ್ಲಿ ಇಂಥ ಪರವಾನಗಿ ಇದೇ ಮೊದಲನೆಯದು.

ಹಾಗೆಂದು ಜೆನೆರಿಕ್ ಕಂಪನಿಗಳೆಲ್ಲ ಬಡವರ ಬಂಧುಗಳು ಎಂದುಕೊಳ್ಳಬೇಡಿ. ಗ್ಲಿವೆಕ್ ತೀರ್ಪು ಬಂದ ಮರುತಿಂಗಳೇ, 2013ರ ಮೇ ತಿಂಗಳಲ್ಲಿ, ನಮ್ಮ ದೇಶದ ದೊಡ್ಡ ಜೆನೆರಿಕ್ ಕಂಪನಿಗಳಲ್ಲೊಂದಾಗಿದ್ದ ರಾನ್‌ಬಾಕ್ಸಿಯ ಅಮೆರಿಕದ ಶಾಖೆ ಅಲ್ಲಿಯ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಕಂಪನಿ 50 ಕೋಟಿ ಡಾಲರ್ ತೆರಬೇಕಾಯಿತು. ಅಲ್ಲಿಯ ಔಷಧ ಇಲಾಖೆಗೆ ಸುಳ್ಳು ಮಾಹಿತಿ ಕೊಟ್ಟದ್ದು, ನಿಯಮದಂತೆ ತಯಾರಿಸದ ಮದ್ದನ್ನು ಕಳುಹಿಸಿದ್ದು ಆರೋಪಗಳು. ವಿಷಯ ಹೊರಗೆ ಬಂದದ್ದು ಕಂಪನಿಯಲ್ಲೇ ಕೆಲಸ ಮಾಡಿದ್ದ ದಿನೇಶ್ ಠಾಕೂರ್ ಅವರಿಂದ. ಅಗ್ಗದ ಮದ್ದು ಕಳಪೆಯೂ ಆದರೆ ರೋಗಿಗೆ ಎರಡು ಪಟ್ಟು ನಷ್ಟ, ಏಕೆಂದರೆ ಮಾತ್ರೆ ನುಂಗಿದೆನೆಂಬ ನೆಮ್ಮದಿಯಲ್ಲಿ ರೋಗ ಬೆಳೆಯುತ್ತದೆ.

ಇನ್ನು ನಮ್ಮ ಔಷಧ ಅಂಗಡಿಗಳ ಸ್ಥಿತಿ. ಇಲ್ಲಿ ಪೇಟೆಂಟ್ ಮುಗಿದ ಮದ್ದುಗಳಿಗೂ ಪ್ರತಿ ಕಂಪನಿ ತನ್ನದೇ ಹೆಸರಿಟ್ಟು ಮಾರುತ್ತದೆ, ವೈದ್ಯರು ಆ ಹೆಸರನ್ನೇ ಬರೆಯುತ್ತಾರೆ. ಮದ್ದಿನ ಹೆಸರನ್ನೇ ಬರೆಯಬೇಕೆಂಬ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊರಡಿಸಿತು. ವೈದ್ಯರ ಸಂಘ ಪ್ರತಿಭಟಿಸಿತು: ಗುಣಮಟ್ಟದ ಖಾತ್ರಿ ಇಲ್ಲದಿದ್ದರೆ ಯಾವ ಮಾತ್ರೆ ಕೊಡಬೇಕೆಂದು ಅಂಗಡಿಯವನೇ ತೀರ್ಮಾನಿಸಿದಂತಾಗುತ್ತದೆ ಎಂದು. ಅದೇ ತಿಂಗಳೊಳಗೆ ಆಯೋಗ ಆ ನಿಯಮವನ್ನು ತಡೆಹಿಡಿಯಿತು.