ಮುಸಿಯನ ಹೊಟ್ಟೆಯೂ ನಮ್ಮ ದಯೆಯೂ

ಮೂಕಪ್ರಾಣಿಗೆ ತುತ್ತು ನೀಡುವುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಸದಾಚಾರ. ಆದರೆ ನೀಡುವ ಕೈಗೆ ಮನಸ್ಸಿದ್ದರೆ ಸಾಲದು, ಉಣ್ಣುವ ಹೊಟ್ಟೆಯ ಅರಿವೂ ಬೇಕು. ಈ ಪಾಠವನ್ನು ನಾವು ತಡವಾಗಿ ಕಲಿತೆವು.

ಕೆಲವು ವರ್ಷಗಳ ಹಿಂದಿನ ಮಾತು. ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ಪ್ರಸಾದವೆಲ್ಲ ಮುಗಿದ ಮೇಲೆ ಒಂದು ಬೋಗಣಿ ಗೋದಿಹುಗ್ಗಿ ಉಳಿಯಿತು. ಹುಣಸೆಮರದಲ್ಲಿ ಕರಿಮುಖದ ಮುಸಿಯಗಳ ಹಿಂಡಿತ್ತು. "ಅವುಗಳಿಗೆ ಹಾಕಿರಿ" ಎಂದು ಹೇಳಿದವರು ನಾವೇ. ಮರುದಿನ ಒಂದು ಹೆಣ್ಣು ಮುಸಿಯ ಹೊಟ್ಟೆಯುಬ್ಬಿ ಮರದ ಬುಡದಲ್ಲಿ ಕುಳಿತಿತ್ತು. ಎದೆಯಲ್ಲಿ ಎಳೆಯ ಮರಿ. ಸಂಜೆಯ ಹೊತ್ತಿಗೆ ತಾಯಿ ತೀರಿತು. ಮರಿಯನ್ನು ಹಿಂಡಿನ ಮತ್ತೊಂದು ಹೆಣ್ಣು ಎತ್ತಿಕೊಂಡು ಮರವೇರಿತು. ಹುಗ್ಗಿಯೇ ಕಾರಣವೆಂದು ಖಚಿತವಾಗಿ ಹೇಳಬಲ್ಲವರು ಅಲ್ಲಿರಲಿಲ್ಲ. ಆದರೆ ಒಕ್ಕಲುತನದ ಹಿರಿಯರೊಬ್ಬರು, "ಶಾಸ್ತ್ರಿಗಳ, ಜ್ವಾಳದ ರಾಶಿಗೆ ಬಾಯಿ ಹಾಕಿದ ಎತ್ತಿನ ಹೊಟ್ಟಿ ಹಿಂಗ ಉಬ್ಬತೈತ್ರಿ" ಎಂದರು.

ಆ ಮಾತು ನಮ್ಮನ್ನು ಪ್ರಾಣಿಶಾಸ್ತ್ರದ ಗ್ರಂಥಗಳತ್ತ ತಿರುಗಿಸಿತು. ಹಿರಿಯರು ಹೇಳಿದ್ದು ಬರಿಯ ಉಪಮೆಯಾಗಿರಲಿಲ್ಲ. ಮುಸಿಯ ಮುಖ್ಯವಾಗಿ ಎಲೆ ತಿಂದು ಬದುಕುವ ಪ್ರಾಣಿ. ಅದರ ಜಠರವು ನಮ್ಮ ಜಠರದಂತೆ ಒಂದೇ ಸರಳ ಚೀಲವಲ್ಲ. ಹಲವು ಕೋಣೆಗಳಾಗಿ ವಿಭಾಗಗೊಂಡ ದೊಡ್ಡ ಪಾತ್ರೆ. ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ಹುದುಗಿಸಿ ಆಹಾರವಾಗಿ ಮಾರ್ಪಡಿಸುತ್ತವೆ. ಆಕಳು ಮೆಲುಕು ಹಾಕುತ್ತದೆ, ಮುಸಿಯ ಹಾಕುವುದಿಲ್ಲ. ಉಳಿದಂತೆ ಎರಡರ ಹೊಟ್ಟೆಯ ವ್ಯಾಪಾರವೂ ಬಹುಮಟ್ಟಿಗೆ ಒಂದೇ. ಎಲೆ ಕತ್ತರಿಸಲು ಹರಿತವಾದ ದವಡೆಹಲ್ಲು, ಹುಳಿಯನ್ನು ಶಮನಗೊಳಿಸಲು ಹೇರಳವಾದ ಜೊಲ್ಲು ಅದಕ್ಕೆ ಪ್ರಕೃತಿಯ ದಾನ. ಸಿಹಿಯೂ ಹಿಟ್ಟಿನ ಪದಾರ್ಥವೂ ಒಮ್ಮೆಲೇ ಹೇರಳವಾಗಿ ಬಿದ್ದರೆ ಹುದುಗುವಿಕೆ ಅತಿಯಾಗುತ್ತದೆ. ಹುಳಿ ಹೆಚ್ಚುತ್ತದೆ, ಹೊಟ್ಟೆ ಉಬ್ಬುತ್ತದೆ, ಪ್ರಾಣಕ್ಕೇ ಕುತ್ತು ಬರಬಹುದು.

ಇನ್ನು ಕೋತಿಯ ರಚನೆ ಬೇರೆ. ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿರುವ, ಬಾದಾಮಿಯ ಗುಹೆಗಳ ಬಳಿ ಯಾತ್ರಿಕರ ಕೈಚೀಲಕ್ಕೆ ಕೈಹಾಕುವ ಕೋತಿಯನ್ನು ಯಾರು ಅರಿಯರು? ಅದರ ಜಠರ ಸರಳ. ಹಣ್ಣು, ಬೀಜ, ಹುಳುಹುಪ್ಪಟೆ ಎಲ್ಲವೂ ಅದಕ್ಕೆ ಆಹಾರ. ಎರಡು ಕೆನ್ನೆಗಳಲ್ಲೂ ಚೀಲಗಳುಂಟು. ಸಿಕ್ಕಿದ್ದನ್ನು ಅವಸರದಿಂದ ತುಂಬಿಕೊಂಡು, ಸುರಕ್ಷಿತ ಸ್ಥಳದಲ್ಲಿ ಕುಳಿತು ಅಗಿಯುತ್ತದೆ. ಮುಸಿಯನಿಗೆ ಈ ಚೀಲಗಳಿಲ್ಲ. ಎಲೆಗಾಗಿ ಅವಸರವೇಕೆ? ಎರಡನ್ನೂ ನಾವು "ಮಂಗ" ಎಂಬ ಒಂದೇ ಹೆಸರಿನಿಂದ ಕರೆದು ಒಂದೇ ತುತ್ತು ನೀಡುತ್ತೇವೆ!

ಇಲ್ಲೊಂದು ಸಂಗತಿ ನಮ್ಮನ್ನು ನಾಚಿಸಿತು. 1961ರಿಂದ 1963ರವರೆಗೆ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ಅವರು ಧಾರವಾಡದ ಪರಿಸರದಲ್ಲಿ ಇದೇ ಮುಸಿಯಗಳ ಹಿಂಡುಗಳನ್ನು ಬೆನ್ನುಹತ್ತಿ ಅವುಗಳ ಜೀವನಕ್ರಮವನ್ನು ಬರೆದಿಟ್ಟರು. ಆ ಅಧ್ಯಯನ ಜಗತ್ತಿನ ವಿದ್ವಾಂಸರಲ್ಲಿ ಪ್ರಸಿದ್ಧವಾಯಿತು. ಅಂದು ನಮ್ಮ ರೋಣ ತಾಲೂಕು ಧಾರವಾಡ ಜಿಲ್ಲೆಯಲ್ಲೇ ಇತ್ತು. ಗದಗ ಜಿಲ್ಲೆಯಾದುದು 1997ರಲ್ಲಿ. ಕಡಲಾಚೆಯಿಂದ ಬಂದವರು ವರ್ಷಗಟ್ಟಲೆ ನೋಡಿ ಕಲಿತರು. ಅಂಗಳದಲ್ಲೇ ಇದ್ದ ನಾವು ನೋಡಿಯೇ ಇರಲಿಲ್ಲ.

ಹಾಗಾದರೆ ದಯೆಯನ್ನು ಬಿಡಬೇಕೆ? ಬಿಡಬಾರದು, ಅದರ ದಾರಿಯನ್ನು ತಿದ್ದಬೇಕು. ಕೈಯಿಂದ ಉಣಿಸಿ ರೂಢಿ ಮಾಡಿದ ಮಂಗವೇ ನಾಳೆ ಅಡುಗೆಮನೆಗೆ ನುಗ್ಗುತ್ತದೆ, ಮಕ್ಕಳನ್ನು ಕಚ್ಚುತ್ತದೆ. ಬಳಿಕ ನಾವೇ ಕಲ್ಲೆತ್ತಿಕೊಳ್ಳುತ್ತೇವೆ. ಅದರ ಬದಲು ಹೊಳೆಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಆಲ, ಅರಳಿ, ಅತ್ತಿ, ಹುಣಸೆ ಬೆಳೆಸೋಣ. ಇರುವ ಹಳೆಯ ಮರಗಳನ್ನು ಕಡಿಯದೆ ಕಾಯೋಣ. ಒಂದು ಮರ ನೂರು ಬೋಗಣಿ ಹುಗ್ಗಿಗಿಂತ ಮಿಗಿಲಾದ ಉಣಿಸು. ಉಳಿದ ಪ್ರಸಾದವನ್ನು ಹಸಿದ ಮನುಷ್ಯರಿಗೆ ಮುಟ್ಟಿಸೋಣ.

ಆ ಹುಣಸೆಮರ ಇಂದಿಗೂ ಇದೆ. ಅದರ ನೆರಳಿನಲ್ಲಿ ಕುಳಿತಾಗಲೆಲ್ಲ ಎದೆಗಂಟಿದ ಆ ಮರಿ ನೆನಪಾಗುತ್ತದೆ. ಅರಿಯದೆ ಮಾಡಿದ್ದು ನಮ್ಮಿಂದಾಯಿತು. ಅರಿತ ಮೇಲೆ ಓದುಗ ಬಂಧುಗಳಿಂದ ಹಾಗಾಗದಿರಲಿ ಎಂದೇ ಈ ನಾಲ್ಕು ಮಾತು.