ಮಾಸ್ಟರಿಂಗ್ (ಧ್ವನಿಮುದ್ರಣ)

ಮಾಸ್ಟರಿಂಗ್ ಎಂಬುದು ಮಿಶ್ರಣಗೊಂಡ ಧ್ವನಿಮುದ್ರಣವನ್ನು ಬಿಡುಗಡೆಗೆ ಸಿದ್ಧಗೊಳಿಸುವ ಅಂತಿಮ ಹಂತ. ಡಿಜಿಟಲ್ ಧ್ವನಿಯ ಗರಿಷ್ಠ ಮಿತಿ 0 ಡೆಸಿಬಲ್; ಅದನ್ನು ಮೀರಿದ ತರಂಗದ ತುದಿ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಕಿವಿಗೆ ತಿಳಿಯುವ ಗಟ್ಟಿತನವಾದರೋ ಕ್ಷಣಿಕ ತುದಿಗಿಂತ ಹೆಚ್ಚಾಗಿ ಸರಾಸರಿ ಮಟ್ಟವನ್ನು ಅವಲಂಬಿಸಿದೆ.

ಉದಾಹರಣೆಗೆ, ಮನೆಯಲ್ಲಿ ಮುದ್ರಿಸಿದ ಕೊಡವ ಹಾಡೊಂದರಲ್ಲಿ ದುಡಿಯ ಪೆಟ್ಟು ಗಾಯನಕ್ಕಿಂತ ಬಹಳ ಎತ್ತರದಲ್ಲಿದ್ದರೆ, ಒಟ್ಟು ಮಟ್ಟವನ್ನು ಏರಿಸಲು ಅವಕಾಶ ಉಳಿಯದು. ಆದ್ದರಿಂದ ಮಿಶ್ರಣದ ಹಂತದಲ್ಲೇ ದುಡಿಯನ್ನು ತಗ್ಗಿಸಿ, ಅನಗತ್ಯ ಗುಂಗನ್ನು ಸೋಸಿ, ಉಳಿದ ತುದಿಗಳನ್ನಷ್ಟೇ ಲಿಮಿಟರ್‌ನಿಂದ ತಡೆಯಬೇಕು. ಲಿಮಿಟರ್ ಅತಿಯಾದರೆ ಪೆಟ್ಟಿನ ಮೊನಚು ನಶಿಸುತ್ತದೆ.

ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು, ಗಟ್ಟಿತನದ ಮಾನವಾದ ಎಲ್‌ಯುಎಫ್‌ಎಸ್‌ನಲ್ಲಿ −14ಕ್ಕೆ ಹೊಂದಿಸುತ್ತದೆ. ಹೀಗಾಗಿ ಅತಿಯಾಗಿ ಏರಿಸಿದ ಮುದ್ರಣವೂ ತಗ್ಗಿಯೇ ಕೇಳಿಸುತ್ತದೆ. ಕಳೆದ ಮೊನಚು ಮಾತ್ರ ಮರಳುವುದಿಲ್ಲ.